ನಮ್ಮ ಹುಡುಗನಿಗೆ ಕರೆಯಿಲ್ಲ

ಜೂನ್ ೧೦

ಕ್ರಿಸ್ತನಲ್ಲಿ ಪ್ರೀತಿಯ ದೊಡ್ಡಮ್ಮನವರಿಗೆ,

ತಮ್ಮ ಗುಂಡಿ ಮಾಡುವ ವಂದನೆಗಳು. ಪತ್ರವನ್ನು ಹೀಗೆ ಶುರುಮಾಡಬೇಕು ಎಂದು ಸೆಮಿನರಿಯಲ್ಲಿ ಕಲಿಸಿದ್ದಾರೆ. ಮುಂದೆ ಸಭಾಪಾಲಕರಾದ ಮೇಲೆ ನಾವು ಊರಿಗೆಲ್ಲ ಬರೆಯಬೇಕಾಗುತ್ತದಂತೆ: ಮದುವೆಯಾದವರಿಗೆ, ಸತ್ತವರ ಮನೆಯವರಿಗೆ, ಜಗಳವಾಡಿ ಸಭೆ ಬಿಟ್ಟು ಹೋದವರಿಗೆ. ಮೊದಲ ವರ್ಷ ಕೈಗೆ ಫೋನು ಕೊಡುವುದಿಲ್ಲ. ಕೊಟ್ಟರೂ ನಮ್ಮ ಲಾಂಡ್ರಿಯ ಮಷೀನುಗಳ ಗದ್ದಲದಲ್ಲಿ ನಿನಗೆ ಏನು ಕೇಳಿಸೀತು?

ಈ ಕಟ್ಟಡ ಕನಸಿನಲ್ಲಿ ಬರುವ ಕಟ್ಟಡಗಳ ಹಾಗಿದೆ. ಒಂದು ಉದ್ದನೆಯ ಪಡಸಾಲೆ. ನಡೆಯುತ್ತಾ ಹೋದರೆ ಸುತ್ತಿ ಬಳಸಿ ಹೊರಟಲ್ಲಿಗೇ ತಂದು ನಿಲ್ಲಿಸುತ್ತದೆ. ಬೆಳಿಗ್ಗೆ ಅದರೊಳಕ್ಕೆ ಮಂಜು ನುಗ್ಗುತ್ತದೆ. ಮುಂದೆ ಹೋಗುವವರು ಸೊಂಟದಿಂದ ಮೇಲೆ ಮಾತ್ರ ಕಾಣುತ್ತಾರೆ, ನಮ್ಮ ಹಬೆಕೋಣೆಯಲ್ಲಿ ಕಂಡ ಹಾಗೆಯೇ. ಮೊನ್ನೆ ಮರೆತು “ಇಸ್ತ್ರಿ ಅಣ್ಣಾ, ಕಾಲರ್ ನೋಡಿಕೋ” ಎಂದುಬಿಟ್ಟೆ. ತಿರುಗಿ ನೋಡಿದವರು ಹಳೆಯ ಭಾಷೆಗಳನ್ನು ಕಲಿಸುವ ಗುರುಗಳು. ಪಾಪ, ಕಾಲರ್ ಮುಟ್ಟಿ ನೋಡಿಕೊಂಡರು.

ಭಾನುವಾರ ಸಭೆಗೆ ಬೋಧಿಸುವ ಪ್ರಸಂಗ ಕಟ್ಟುವುದನ್ನು ಕಲಿಸುತ್ತಾರೆ, ದನಿ ಏರಿಸುವುದು, ಇಳಿಸುವುದನ್ನು ಕಲಿಸುತ್ತಾರೆ. ಸುಮ್ಮನಿರುವುದಕ್ಕೂ ಒಂದು ತರಗತಿ ಇದೆ. ಗುರುಗಳು ಬಂದು ಕೂರುತ್ತಾರೆ, ನಾವೂ ಕೂರುತ್ತೇವೆ, ಅಷ್ಟೇ. ಬೋಧಕನಿಗೆ ಮೊದಲು ತಯಾರಾಗಬೇಕಾದದ್ದು ಕಿವಿ, ನಾಲಗೆ ಆಮೇಲೆ ಎನ್ನುತ್ತಾರೆ. ನನ್ನ ಕಿವಿ ತಯಾರಾಗುವ ಮೊದಲು ಕಣ್ಣು ಮುಚ್ಚಿಹೋಗುತ್ತದೆ. ನಮ್ಮ ತಾರಸಿ, ಗಾಳಿಗೆ ಉಬ್ಬುವ ಬಿಳಿ ಹಾಸುಗಳು ಕಾಣಿಸುತ್ತವೆ.

ಒಂದು ಸಂಗತಿ ಮಾತ್ರ ಚುಚ್ಚುತ್ತಿದೆ. ಇಲ್ಲಿ ಎಲ್ಲರಿಗೂ ಕರೆ ಇದೆ. ನನ್ನ ಕೋಣೆಯ ಜೊತೆಗಾರನಿಗೆ, ಅವನನ್ನು ನಾವು ಮಿಂಚು ಎನ್ನುತ್ತೇವೆ, ನೇರ ಎದೆಗೇ ಬಿತ್ತಂತೆ. ದಿನ, ಹೊತ್ತು ಸಮೇತ ಹೇಳುತ್ತಾನೆ. ಇನ್ನೊಬ್ಬನಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದಲೇ ಇದೆಯಂತೆ. ಪ್ರಾಂಶುಪಾಲರು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ನಿನ್ನ ಕರೆ ಯಾವುದು, ಎಲ್ಲಿಂದ ಬಂತು ಎಂದು ವಿಚಾರಿಸುತ್ತಾರೆ. ನನ್ನ ಸರದಿಯಲ್ಲಿ, ಇನ್ನೂ ಗೊತ್ತಾಗಿಲ್ಲ ಸರ್ ಎಂದುಬಿಟ್ಟೆ. ಕರೆಯ ವಿಷಯದಲ್ಲಿ ಇಲ್ಲಿ ಬಲು ಕಟ್ಟುನಿಟ್ಟು, ಇತ್ಯರ್ಥವಾಗದಿದ್ದರೆ ಮನೆಗೆ ಕಳಿಸಿಬಿಡುತ್ತಾರೆ. ಮನೆಯ ಹಿರಿಯರನ್ನೂ ಕೇಳಬಹುದು ಎಂದಿದ್ದಾರೆ.

ತಮ್ಮ ವಿಧೇಯ,
ಗುಂಡಿ


ಜೂನ್ ೨೧

ಗುಂಡೀ,

ಒಳಗೆ ‘ದೊಡ್ಡಮ್ಮನವರಿಗೆ’ ಅಂತ ಇದ್ದದ್ದು ನೋಡಿ, ಯಾವುದೋ ಮರ್ಯಾದಸ್ಥರ ಮನೆಯ ಕಾಗದ ತಪ್ಪಿ ಬಂದಿದೆ ಅಂದುಕೊಂಡೆ. ಇನ್ನೊಂದು ಸಲ ‘ತಾವು, ತಮ್ಮ’ ಅಂದರೆ ಬಟ್ಟೆಯ ಮುಂದಿನ ಕುದಿಯಲ್ಲಿ ನಿನ್ನನ್ನೂ ಹಾಕುತ್ತೇನೆ.

ಅಲ್ಲಿಯವರು ಗುಂಡಿ ಅಂದರೆ ಹಳ್ಳ ಅಂದುಕೊಂಡು ನಗುತ್ತಾರೇನೋ. ನಗಲಿ. ನಮ್ಮ ಮನೆಯಲ್ಲಿ ಗುಂಡಿ ಅಂದರೆ ಅಂಗಿಯದು. ನನ್ನ ತಂಗಿ ಕಣ್ಣು ಮುಚ್ಚಿದ ಮೇಲೆ ನಿನ್ನನ್ನು ಎತ್ತಿಕೊಂಡು ಬಂದೆನಲ್ಲ, ಆಗ ನಿನಗೆ ಮಾತೇ ಇರಲಿಲ್ಲ. ಒಗೆಯುವ ತೊಟ್ಟಿಯ ತಳದಲ್ಲಿ ಉದುರಿದ ಗುಂಡಿಗಳನ್ನು ಹೆಕ್ಕುತ್ತಾ ಕೂತಿರುತ್ತಿದ್ದೆ. ಹೆಸರು ಅಲ್ಲೇ ಅಂಟಿತು. ಆ ಹೆಸರು ಹಿಡಿದು ಕೂಗುವವಳು ನಾನೊಬ್ಬಳೇ. ಇಸ್ತ್ರಿ ಅಣ್ಣ ಕೂಡ ‘ಮರಿ’ ಅಂತಾನೆ.

ಇನ್ನು ಕರೆಯ ವಿಷಯ. ಓದಿ ಸಿಟ್ಟು ಬಂತು. ಅಲ್ಲಯ್ಯಾ, ನಾನು ಕರೆಯಿಂದಲೇ ಅನ್ನ ಕಂಡವಳು. ಜನ ಚಹಾ ಚೆಲ್ಲಿಕೊಳ್ಳದೆ, ಪೆನ್ನಿನ ಮಸಿ ಒರೆಸಿಕೊಳ್ಳದೆ, ತುಕ್ಕು ಹಿಡಿದ ಗೇಟಿಗೆ ಒರಗದೆ ಇದ್ದಿದ್ದರೆ ನನ್ನ ಶಟರು ಎಂದೋ ಇಳಿದಿರುತ್ತಿತ್ತು. ಕರೆ ಅಂದರೆ ಏನು, ಅದು ಯಾರಿಗೆ ಎಲ್ಲಿ ಹತ್ತುತ್ತದೆ ಅಂತ ನನಗೆ ಹೇಳಿಕೊಡುವವರು ಇನ್ನೂ ಹುಟ್ಟಬೇಕು. ಆ ಮಿಂಚು ಅನ್ನುವವನಿಗೆ ಹೇಳು: ಎದೆಯ ಮೇಲೆ ಬಿದ್ದದ್ದು, ದಿನ ಹೊತ್ತು ಎಲ್ಲ ನೆನಪಿದೆ ಅಂದರೆ, ಹೊಸದು. ತಣ್ಣೀರಿನಲ್ಲಿ ನೆನೆಸಿದರೆ ಹೋಗುತ್ತದೆ. ತಾಯಿಯ ಹೊಟ್ಟೆಯಿಂದ ತಂದದ್ದು ಕರೆಯಲ್ಲ, ಹುಟ್ಟುಮಚ್ಚೆ. ಅದಕ್ಕೆ ಯಾವ ಸೋಪೂ ಇಲ್ಲ. ಆ ಹುಡುಗನನ್ನು ಯಾಕೆ ಗೋಳು ಹುಯ್ದುಕೊಳ್ಳುತ್ತಾರೆ?

ಮನುಷ್ಯರನ್ನು ಕೂರಿಸಿಕೊಂಡು ಕರೆ ಹುಡುಕುವ ಶಾಲೆ ಎಂಥದ್ದೋ ನನಗೆ ತಿಳಿಯದು. ಹುಡುಕಿದರೆ ಯಾರಲ್ಲಿ ಸಿಗುವುದಿಲ್ಲ? ಆದರೆ ನಿನ್ನನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ ಬೆಳೆಸಿದವಳು ನಾನು. ಅದಕ್ಕೇ ಅವರು ಕೇಳುವ ಮೊದಲೇ, ಅಂಗಡಿಯ ಲೆಟರ್‌ಹೆಡ್ಡಿನ ಮೇಲೆ, ಕೆಳಗೆ ಸೀಲು ಒತ್ತಿ, ನಿನ್ನ ಪ್ರಾಂಶುಪಾಲರಿಗೆ ಬರೆದು ಹಾಕಿದ್ದೇನೆ:

‘ನಮ್ಮ ಹುಡುಗನಿಗೆ ಯಾವ ಕರೆಯೂ ಇಲ್ಲ. ಹಿಂದೆಯೂ ಇರಲಿಲ್ಲ. ಬೇಕಾದರೆ ಖುದ್ದಾಗಿ ಬಂದು ಪ್ರಮಾಣ ಮಾಡಿ ಹೇಳುತ್ತೇನೆ.’

ಇನ್ನು ನೀನು ನಿಶ್ಚಿಂತೆಯಿಂದ ಓದಿಕೋ. ಹೊಟ್ಟೆ ತುಂಬಾ ತಿನ್ನು.

ದೊಡ್ಡಮ್ಮ


ಜುಲೈ ೪

ದೊಡ್ಡಮ್ಮಾ,

ಏನು ಮಾಡಿಬಿಟ್ಟೆ!

ಕರೆ ಎಂದರೆ ಕಲೆಯಲ್ಲ, ಕೂಗು. ದೇವರು ಒಬ್ಬನ ಹೆಸರು ಹಿಡಿದು, ‘ಬಾ, ನನ್ನ ಕೆಲಸಕ್ಕೆ ಬಾ’ ಎಂದು ಕರೆಯುವ ಕರೆ. ಇಲ್ಲಿ ಅದಿಲ್ಲದಿದ್ದರೆ ಏನೂ ಇಲ್ಲ.

ನಿನ್ನ ಎರಡು ಕಾಗದಗಳೂ ಒಂದೇ ದಿನ ಬಂದವು. ನನ್ನದನ್ನು ನಾನು ಒಡೆಯುವ ಮೊದಲೇ ಒಳಗಿನಿಂದ ಬುಲಾವು ಬಂತು. ದೊಡ್ಡ ಮೇಜಿನ ಆಚೆ ಪ್ರಾಂಶುಪಾಲರು, ಅಕ್ಕಪಕ್ಕ ಮಂಡಳಿಯ ಹಿರಿಯರು. ಕಿಟಕಿಯ ಬೆಳಕು ಅವರ ಬೆನ್ನ ಹಿಂದೆ, ಹಾಗಾಗಿ ಯಾರ ಮುಖವೂ ಕಾಣುತ್ತಿರಲಿಲ್ಲ. ಮೇಜಿನ ಮೇಲೆ ನಮ್ಮ ಅಂಗಡಿಯ ಲೆಟರ್‌ಹೆಡ್ಡಿನ ನಗುವ ಅಂಗಿಯ ಚಿತ್ರ. ಅದೊಂದರ ಮುಖ ಮಾತ್ರ ಕಾಣುತ್ತಿತ್ತು.

“ನಿನ್ನ ದೊಡ್ಡಮ್ಮ ಪ್ರಮಾಣ ಮಾಡೋದಕ್ಕೂ ತಯಾರಿದ್ದಾರಪ್ಪ,” ಎಂದು ಓದಿ ಹೇಳಿದರು. ಸೀಲು ನೋಡಿದೆ, ಲಾಂಡ್ರಿ ಎಂಬ ಅಕ್ಷರ ನೋಡಿದೆ, ಆಗ ತಟ್ಟನೆ ಹೊಳೆಯಿತು. ವಿವರಿಸಿ ಹೇಳಿದೆ. ಮೇಜಿನ ಆಚೆ ನಗು ಎದ್ದಿತು. ಒಬ್ಬ ಹಿರಿಯರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬದುಕಿದೆ ಎಂದುಕೊಂಡೆ.

ನಗು ನಿಂತ ಮೇಲೆ ಪ್ರಾಂಶುಪಾಲರು ನಿನ್ನ ಕಾಗದವನ್ನು ಮಡಿಸುತ್ತಾ ಮೆಲ್ಲಗೆ ಕೇಳಿದರು: “ಅವರು ತಪ್ಪಾಗಿ ಓದಿಕೊಂಡ್ರು, ಸರಿ. ಆದ್ರೆ ತಪ್ಪಾಗಿ ಬರೆದ್ರೇನಪ್ಪ?”

ನಾನು ಆ ನಗುವ ಅಂಗಿಯನ್ನೇ ನೋಡಿದೆ, ದೊಡ್ಡಮ್ಮ.

ತರಗತಿಗಳಿಂದ ನನ್ನನ್ನು ಬಿಡಿಸಿ, ಹತ್ತಿರದ ಆಸ್ಪತ್ರೆಗೆ ಹಾಕಿದ್ದಾರೆ. ಗಾಬರಿಯಾಗಬೇಡ, ರೋಗಿಯಾಗಿ ಅಲ್ಲ. ಮಂಚದಿಂದ ಮಂಚಕ್ಕೆ ಹೋಗಿ ಕೂರುವುದಕ್ಕೆ. ನವೆಂಬರಿನಲ್ಲಿ ಮಂಡಳಿ ಮತ್ತೆ ಸೇರುತ್ತದೆ. “ಅಷ್ಟರಲ್ಲೂ ಗೊತ್ತಾಗದಿದ್ರೆ ಮನೆಗೆ ಹೋಗು, ಅದರಲ್ಲಿ ಅವಮಾನ ಇಲ್ಲ,” ಎಂದರು. “ಕರೆಯಿಲ್ಲದವನು ಪ್ರಸಂಗಪೀಠ ಹತ್ತಿದ್ರೆ ಮೇಲಿರೋನಿಗೂ ಕಷ್ಟ, ಕೆಳಗೆ ಕೂತವರಿಗೂ ಕಷ್ಟ.”

ಅವರಿಗೆ ಹೇಳದ ಒಂದು ಮಾತು ನನ್ನಲ್ಲಿದೆ. ನಿನ್ನನ್ನು ಕೇಳುತ್ತೇನೆ.

ನಾನು ಚಿಕ್ಕವನು. ಮಧ್ಯಾಹ್ನ. ತಾರಸಿಯ ತುಂಬ ಹೋಟೆಲಿನ ಬಿಳಿ ಹಾಸುಗಳು. ಅವುಗಳ ನಡುವೆ ನುಸುಳಿಕೊಂಡು ಹೋದರೆ ಕೊನೆಯೇ ಸಿಗುತ್ತಿರಲಿಲ್ಲ, ಮೋಡದ ಹೊಟ್ಟೆಯೊಳಗೆ ನಡೆದಂತೆ. ಆಗ ಯಾರೋ ಕರೆದರು, ‘ಗುಂಡೀ’ ಎಂದು. ಮೆಟ್ಟಿಲು ಇಳಿದು ಓಡಿ ಬಂದೆ. ನೀನು ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದೆ. “ಕರೆದ್ಯಾ ದೊಡ್ಡಮ್ಮ?” ಎಂದೆ. ನೀನು ಇಲ್ಲವೆಂದು ತಲೆಯಾಡಿಸಿದೆ. ಮೇಲೆ ಹೋದೆ, ಮತ್ತೆ ಕೇಳಿಸಿತು, ಮತ್ತೆ ಓಡಿ ಬಂದೆ. ಮತ್ತೆ ತಲೆಯಾಡಿಸಿದೆ. ಗುಂಡಿಗಳ ಡಬ್ಬಿಯನ್ನು ಕೈಗೆ ಕೊಟ್ಟು ಅಲ್ಲೇ ಕೂರಿಸಿಕೊಂಡೆ.

ದೇವಾಲಯದಲ್ಲಿ ಮಲಗಿದ್ದು, ದೇವರ ಕರೆಯನ್ನು ಗುರುವಿನದೆಂದುಕೊಂಡು ಮತ್ತೆ ಮತ್ತೆ ಎದ್ದು ಓಡಿದ ಧರ್ಮಗ್ರಂಥದ ಹುಡುಗನ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ಇದನ್ನು ಹೇಳಿದರೆ ಕದ್ದ ಕಥೆ ಅನ್ನುತ್ತಾರೆ. ಅದಕ್ಕೇ ಹೇಳಲಿಲ್ಲ. ಆದರೆ ನನ್ನ ಬಳಿ ಇರುವುದು ಇದೊಂದೇ. ಆ ಹೆಸರು ಹಿಡಿದು ಕೂಗುವವಳು ನೀನೊಬ್ಬಳೇ ಎಂದು ನೀನೇ ಬರೆದಿದ್ದೀಯ. ಹೇಳು, ಅಂದು ಕರೆದದ್ದು ನೀನೇನಾ?

ಗುಂಡಿ


ಜುಲೈ ೧೯

ಗುಂಡೀ,

ಮಾನ ಹೋಯಿತು. ಭಾನುವಾರ ಸಭೆಯಲ್ಲಿ ಕಂಬದ ಮರೆಗೆ ಕೂತು ಬಂದೆ. ಇಷ್ಟು ವರ್ಷ ಪ್ರಸಂಗ ಕೇಳಿದ್ದೇನೆ, ಆದರೆ ಕಣ್ಣು ಅಯ್ಯನವರ ನಿಲುವಂಗಿಯ ಮೇಲೇ ಇರುತ್ತಿತ್ತಲ್ಲ, ಕಿವಿ ಎಲ್ಲಿ ಕೆಲಸ ಮಾಡೀತು? ಇಸ್ತ್ರಿ ಅಣ್ಣನಿಗೆ ಹೇಳಬಾರದಿತ್ತು, ಹೇಳಿದೆ. ನಕ್ಕು ನಕ್ಕು ಒಂದು ರೇಷ್ಮೆ ಅಂಗಿ ಸುಟ್ಟ. “ಅಕ್ಕಾ, ಆ ದೇವರೇ ಬಂದು ಕರೆ ಅಂದ್ರೂ, ಯಾವ್ದರದು, ಚಹಾದ್ದಾ ಮಸೀದಾ ಅಂತ ಕೇಳೋಳು ನೀನು,” ಅಂದ. ಅಂಗಿಯ ದಂಡ ಅವನ ಮೇಲೇ ಹಾಕಿದ್ದೇನೆ.

ನಿನ್ನ ಪ್ರಾಂಶುಪಾಲರು ನನಗೂ ಬರೆದಿದ್ದಾರೆ. ಒಳ್ಳೆಯ ಮನುಷ್ಯರು, ಹಂಗಿಸಿಲ್ಲ. ‘ಬೆಳೆಸಿದವರು ನೀವು, ಹುಡುಗನಲ್ಲಿ ನೀವು ಏನನ್ನಾದರೂ ಕಂಡಿದ್ದರೆ ತಿಳಿಸಿ’ ಎಂದಿದ್ದಾರೆ. ಯೋಚಿಸಿ ಬರೆಯುತ್ತೇನೆ. ಅವಸರಕ್ಕೆ ಬಿದ್ದು ಒಮ್ಮೆ ಬರೆದದ್ದು ಸಾಕು.

ಬೋಧಕರ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬಟ್ಟೆಯಿಂದ ಗೊತ್ತಿರುವುದು. ಇಲ್ಲಿ ಒಬ್ಬರಿದ್ದರು, ನಿನಗೆ ನೆನಪಿರಬೇಕು, ದನಿ ಗಂಟೆ ಬಾರಿಸಿದ ಹಾಗೆ. ಅವರ ನಿಲುವಂಗಿ ನಮ್ಮಲ್ಲಿಂದ ಹೇಗೆ ಹೋಗುತ್ತಿತ್ತೋ ಹಾಗೇ ವಾಪಸು ಬರುತ್ತಿತ್ತು, ಗಂಜಿಯ ಮಡಿಕೆ ಸಹ ಮುರಿಯದೆ. ನನಗೆ ಸುಲಭದ ಗಿರಾಕಿ. ಅವರಿಗಿಂತ ಮುಂಚೆ ಇದ್ದ ಮುದುಕ ಅಯ್ಯನವರ ಪ್ರಸಂಗ ಮಾತ್ರ, ಕರ್ತನೇ ಕಾಪಾಡಬೇಕು, ಶುರು ಎಲ್ಲೋ ಕೊನೆ ಎಲ್ಲೋ. ಆದರೆ ಅವರ ನಿಲುವಂಗಿಯ ಎಡಹೆಗಲ ಮೇಲೆ ಒಂದು ಕರೆ ಇತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹೋಯಿತು ಅನ್ನುವಷ್ಟರಲ್ಲಿ ಹೊಸದು ಹತ್ತಿರುತ್ತಿತ್ತು. ಎಣ್ಣೆಯಲ್ಲ, ಬೆವರಲ್ಲ. ನನ್ನ ತಂಗಿಯನ್ನು ಮಣ್ಣು ಮಾಡಿದ ದಿನ ಗೊತ್ತಾಯಿತು ಅದು ಏನೆಂದು. ಅಂದು ಆ ಹೆಗಲ ಮೇಲೆ ತಲೆಯಿಟ್ಟು ಅತ್ತವಳು ನಾನು.

ಇದನ್ನು ಯಾಕೆ ಬರೆದೆನೋ. ವಿಷಯಕ್ಕೆ ಬರುತ್ತೇನೆ. ಬೋರ್ಡು ಹಳೆಯದಾಗಿದೆ, ಹೊಸದು ಬರೆಸಬೇಕು. ಬರೀ ‘ಲಾಂಡ್ರಿ’ ಅಂದರೆ ಬೋಳು ಬೋಳು ಕಾಣುತ್ತದೆ. ‘ಲಾಂಡ್ರಿ ಮತ್ತು ಮಗ’ ಅಂತ ಬರೆಸೋಣ ಅಂತಿದ್ದೇನೆ. ತಂಗಿಯ ಮಗ ಅಂತ ಬರೆಸಲು ಜಾಗ ಸಾಲದು, ನನಗೆ ಮನಸ್ಸೂ ಇಲ್ಲ. ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಅವರು ಬೇಡವೆಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ಆ ಮಧ್ಯಾಹ್ನದ್ದು ಏನೋ ಕೇಳಿದ್ದೆ. ಬಾಯ್ಲರು ಕೂಗುತ್ತಿದೆ, ಇನ್ನೊಮ್ಮೆ ಬರೆಯುತ್ತೇನೆ.

ದೊಡ್ಡಮ್ಮ


ಸೆಪ್ಟೆಂಬರ್ ೨

ದೊಡ್ಡಮ್ಮ,

‘ಇನ್ನೊಮ್ಮೆ’ ಎಂದೆ. ಆಗಸ್ಟ್ ಪೂರ್ತಿ ಕಳೆಯಿತು.

ಆಸ್ಪತ್ರೆಯ ವಾರ್ಡು ನಿನಗೆ ಇಷ್ಟವಾದೀತು. ಸಾಲು ಸಾಲು ಬಿಳಿ ಹಾಸುಗಳು, ಸಾಲು ಸಾಲು ಪರದೆಗಳು. ಮಧ್ಯಾಹ್ನ ಗಾಳಿ ಬಂದರೆ ಎಲ್ಲವೂ ಒಟ್ಟಿಗೆ ಉಸಿರಾಡುತ್ತವೆ. ಕೆಲವೊಮ್ಮೆ ನಾನು ತಾರಸಿಯ ಮೇಲೇ ಇದ್ದೇನೆ, ಹಾಸುಗಳ ಮಧ್ಯೆ ಯಾರೋ ಮನುಷ್ಯರನ್ನೂ ಒಣಗಲು ಮಲಗಿಸಿದ್ದಾರೆ ಎನಿಸುತ್ತದೆ.

ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಇದ್ದಾರೆ. ನಾನು ಕಿಟಕಿಯಜ್ಜಿ ಎನ್ನುತ್ತೇನೆ. ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕಿಟಕಿಯ ಹಿಂದೆ ಕೂತು ಜೀವನ ಸವೆಸಿದವರು. ಮಗಳು ತೀರಿಕೊಂಡ ಮೇಲೆ ನೋಡಿಕೊಳ್ಳುವವರಿಲ್ಲ. ಇದನ್ನು ಕೇಳಿದ್ದೇ ತಡ, ನಾನು ಅವರ ಬಳಿ ಕೂತು ಕಲಿತದ್ದನ್ನೆಲ್ಲ ಸುರಿದೆ: ದೇವರ ಚಿತ್ತ, ಸಹನೆ, ಪರಲೋಕ. ದನಿ ಏರಿಸಿ ಇಳಿಸಿ ಚೆನ್ನಾಗಿಯೇ ಹೇಳಿದೆ. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ರಕ್ತದ ಕರೆಗೆ ಬಿಸಿನೀರು ಹಾಕಬಾರದು, ಹಾಕಿದರೆ ಕೂತುಬಿಡುತ್ತದೆ ಎಂದು ನೀನು ಎಷ್ಟು ಸಲ ಹೇಳಿದ್ದೆ! ಅದನ್ನೇ ಮಾಡಿದೆ.

ಆಮೇಲೆ ಮಾತು ನಿಲ್ಲಿಸಿದೆ. ದಿನವೂ ಹೋಗಿ ಮಂಚದ ಕಾಲ ಬಳಿ ನಿಲ್ಲುತ್ತಿದ್ದೆ. ಏನು ಹೇಳಬೇಕೋ ತಿಳಿಯದೆ, ಹಳ್ಳಕ್ಕೆ ಬಿದ್ದವನ ಹಾಗೆ ಹಳೆಯ ಮಾತನ್ನೇ ಹಿಡಿದೆ: “ಕರೆದ್ರಾ ಅಜ್ಜಿ?”

“ನಾನ್ಯಾಕಪ್ಪ ಕರೀಲಿ ನಿನ್ನ?”

ಸರಿ ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಮರುದಿನ ಮತ್ತೆ ಅದೇ. ಹೋದ ವಾರ ಅಜ್ಜಿ ಗೋಡೆಯ ಕಡೆಯಿಂದ ಈಚೆ ತಿರುಗಿದರು. “ಕರೀಲಿಲ್ಲ,” ಅಂದರು. “ಆದ್ರೂ ಬಂದಿದ್ದೀಯಲ್ಲ, ಕೂತ್ಕೋ.”

ಕೂತಿದ್ದೇನೆ. ಅರೆನಿದ್ದೆಯಲ್ಲಿ ಅವರು ಇನ್ನೂ ಟಿಕೆಟ್ ಕೊಡುತ್ತಾರೆ. “ಹೋಗೋದು ಮಾತ್ರಾನಾ, ಹೋಗಿ ಬರೋದಾ?” ಎಂದು ಕೇಳುತ್ತಾರೆ. ಯಾವ ಊರಿಗೆ ಎಂದು ಮಾತ್ರ ಕೇಳುವುದಿಲ್ಲ. “ಹೋಗಿ ಬರೋದು ಅಜ್ಜಿ,” ಎನ್ನುತ್ತೇನೆ. ಚಿಲ್ಲರೆ ಎಣಿಸುವವರ ಹಾಗೆ ನನ್ನ ಅಂಗೈಯನ್ನು ಮುಟ್ಟಿ ಮತ್ತೆ ನಿದ್ದೆ ಹೋಗುತ್ತಾರೆ.

ಇದು ನನಗೆ ಹಿಡಿಸಿದೆ. ಆದರೆ ಹಿಡಿಸುವುದು ಬೇರೆ, ಕರೆ ಬೇರೆ. ದೊಡ್ಡಮ್ಮ, ನೀನು ಯಾವಾಗ ಸುಮ್ಮನಾಗುತ್ತೀಯ ಎಂದು ನನಗೆ ಗೊತ್ತು. ಗಿರಾಕಿಯ ಇಷ್ಟದ ಬಟ್ಟೆ ಹಾಳಾಗಿ, ಅದನ್ನು ಅವರಿಗೆ ಹೇಳಲು ಬಾಯಿ ಬಾರದಾಗ. ಅಂದು ಕರೆದದ್ದು ನೀನೇ. ಏನೋ ಕೆಲಸಕ್ಕೆ ಕರೆದಿರುತ್ತೀಯ, ಬರುವಷ್ಟರಲ್ಲಿ ಮರೆತಿರುತ್ತೀಯ. ನನಗೆ ನೋವಾಗುತ್ತದೆಂದು ಈಗ ಹೇಳುತ್ತಿಲ್ಲ. ಬಿಡು. ನವೆಂಬರಿನಲ್ಲಿ ಮಂಡಳಿಯ ಮುಂದೆ ‘ಇಲ್ಲ’ ಎಂದು ಹೇಳಿ ಬಂದುಬಿಡುತ್ತೇನೆ.

ಬೋರ್ಡು ಬರೆಸು.

ಗುಂಡಿ


ಅಕ್ಟೋಬರ್ ೧೭

ಗುಂಡೀ,

ನಿನ್ನ ಕಾಗದ ಬಂದ ದಿನ ಇಡೀ ಅಂಗಡಿಗೆ ಚಹಾ ಕುಡಿಸಿದೆ. ಇಸ್ತ್ರಿ ಅಣ್ಣ “ಏನಕ್ಕಾ ವಿಶೇಷ?” ಅಂದ. ಮರಿ ಬರ್ತಾನೆ ಅಂದೆ. ಪೇಂಟರನಿಗೆ ಹೇಳಿ ಕಳಿಸಿದೆ. ಅವನು ಏಣಿ ಹತ್ತಿ, ನೀಲಿ ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ ‘ಲಾಂಡ್ರಿ’ ಅಂತ ಬರೆದ. ‘ಮತ್ತು’ ಅಂತ ಬರೆದ. ಕುಂಚ ಅದ್ದಿ ‘ಮ’ ಅನ್ನುವುದಕ್ಕೆ ಕೈ ಎತ್ತಿದ. “ನಿಲ್ಸಯ್ಯಾ,” ಅಂದೆ. ಯಾಕೆ ಅಂದೆನೋ ನನಗೇ ಗೊತ್ತಾಗಲಿಲ್ಲ. ಅವನು ಕೂಲಿ ಪೂರ್ತಿ ತಗೊಂಡು, ಅರ್ಧ ಬೋರ್ಡು ಬಿಟ್ಟು ಹೋದ. ಈಗ ನಮ್ಮ ಅಂಗಡಿಯ ಹೆಸರು ‘ಲಾಂಡ್ರಿ ಮತ್ತು’. ಬಂದವರೆಲ್ಲ “ಮತ್ತು ಏನಮ್ಮಾ?” ಅಂತ ಕೇಳುತ್ತಾರೆ. ನನಗೇನು ಗೊತ್ತು?

ಕೂತು ಬರೆಯಲು ಇಷ್ಟು ದಿನ ಬೇಕಾಯಿತು. ಬರೆಯದಿದ್ದರೆ ನೀನು ಬರುತ್ತೀಯ. ಬರೆದರೆ ಬರುವುದಿಲ್ಲ. ಈ ವ್ಯಾಪಾರದಲ್ಲಿ ನಷ್ಟ ಯಾರಿಗೆ ಅನ್ನುವುದು ನನಗೆ ತಿಳಿಯದ್ದೇನಲ್ಲ. ಆದರೂ ಗಿರಾಕಿಯ ಬಟ್ಟೆಯನ್ನು ನನ್ನದು ಅಂತ ಉಟ್ಟುಕೊಂಡವಳಲ್ಲ ನಾನು.

ಕೇಳು. ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಬ್ಲೀಚಿನ ಹೊಗೆ ಕುಡಿದು ಆ ವಾರ ನನ್ನ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಾಯಿ ತೆಗೆಯಲೇ ಬೇಡಿ ಅಂದಿದ್ದರು ಡಾಕ್ಟರು. ಕಾಗೆ ಓಡಿಸಲೂ ದನಿ ಇರಲಿಲ್ಲ. ಹ್ಯಾಂಗರಿನಿಂದ ಮೇಜು ಕುಟ್ಟಿ ಇಸ್ತ್ರಿ ಅಣ್ಣನನ್ನು ಕರೆಯುತ್ತಿದ್ದೆ. ಬೇಕಾದರೆ ಅವನನ್ನೇ ಕೇಳು, ಅದು ಅವನ ಜೀವನದ ಅತಿ ಸುಖದ ವಾರವಂತೆ. ನೀನು ಓಡಿ ಬಂದು ಕೇಳಿದಾಗ ತಲೆಯಾಡಿಸಿದ್ದು ಅದಕ್ಕೇ. ಮಾತಾಡಲು ಆಗುತ್ತಿದ್ದರೆ ತಾನೇ?

ನಾನು ಕರೆದಿರಲಿಲ್ಲ, ಗುಂಡಿ. ಆದರೆ ನೀನು ಬರುವ ಮೊದಲೇ ನಾನು ತಲೆ ಎತ್ತಿದ್ದೆ. ನನಗೂ ಕೇಳಿಸಿತ್ತು.

ಮೊದಲು, ನಮ್ಮ ಹುಡುಗನ ಹೆಸರು ಕೆಲಸದವರಲ್ಲಿ ಯಾರು ಕಲಿತರಪ್ಪಾ ಅಂತ ಸುತ್ತ ನೋಡಿದೆ. ಒಬ್ಬರೂ ಇರಲಿಲ್ಲ, ಊಟಕ್ಕೆ ಹೋಗಿದ್ದರು. ಒದ್ದೆ ಹಾಸು ಗಾಳಿಗೆ ಹೊಡೆದುಕೊಂಡರೆ ನೂರು ಥರ ಸದ್ದು ಮಾಡುತ್ತದೆ. ಕೆಮ್ಮಿದ್ದು ಕೇಳಿದ್ದೇನೆ, ಚಪ್ಪಾಳೆ ತಟ್ಟಿದ್ದು ಕೇಳಿದ್ದೇನೆ. ಹೆಸರು ಹಿಡಿದು ಕೂಗಿದ್ದು ಕೇಳಿಲ್ಲ. ಅದಾದ ಮೇಲೆ ಎಷ್ಟೋ ಮಧ್ಯಾಹ್ನ ಒಬ್ಬಳೇ ತಾರಸಿಗೆ ಹೋಗಿ ಆ ಹಾಸುಗಳ ನಡುವೆ ನಿಂತಿದ್ದೇನೆ. ಬೆಳಕು ಹಾಗೇ ಇರುತ್ತಿತ್ತು, ಗಾಳಿ ಹಾಗೇ ಇರುತ್ತಿತ್ತು. ನನ್ನನ್ನು ಯಾರೂ ಕರೆಯಲಿಲ್ಲ.

ದನಿ ಬಂದ ಮೇಲೂ ನಿನಗೆ ಹೇಳಲಿಲ್ಲ. ಕರೆದವರು ಕರೆದುಕೊಂಡೂ ಹೋಗುತ್ತಾರೆ. ನನ್ನ ತಂಗಿಯನ್ನು ಕೊಟ್ಟಾಗಿತ್ತು.

ನಿನ್ನ ಪ್ರಾಂಶುಪಾಲರಿಗೆ ಇವತ್ತೇ ಹಾಕುತ್ತಿದ್ದೇನೆ, ಅದೇ ಲೆಟರ್‌ಹೆಡ್ಡು, ಅದೇ ಸೀಲು: ‘ನನ್ನ ಹಿಂದಿನ ಪತ್ರ ರದ್ದು. ಒಂದು ಕರೆ ಇದೆ. ಯಾರದ್ದೆಂದು ಹೇಳುವಷ್ಟು ನಾನು ಓದಿದವಳಲ್ಲ. ನನ್ನದಲ್ಲ ಎಂದಷ್ಟೇ ಹೇಳಬಲ್ಲೆ.’

ದೊಡ್ಡಮ್ಮ


ನವೆಂಬರ್ ೨೩

ನನ್ನ ದೊಡ್ಡಮ್ಮ,

ನಿನ್ನ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಮಂಡಳಿಯ ಮುಂದೆ ಹೋದೆ. ಅದೇ ಮೇಜು, ಬೆನ್ನ ಹಿಂದೆ ಅದೇ ಬೆಳಕು. ಅವರ ಮುಂದೆ ನಗುವ ಅಂಗಿಯ ಎರಡು ಚಿತ್ರಗಳು ಅಕ್ಕಪಕ್ಕ ಕೂತಿದ್ದವು, ಒಂದು ಇಲ್ಲ ಎನ್ನುತ್ತಾ, ಒಂದು ಇದೆ ಎನ್ನುತ್ತಾ.

“ದೊಡ್ಡಮ್ಮ ಬರೆದದ್ದಾಯ್ತು,” ಎಂದರು ಪ್ರಾಂಶುಪಾಲರು. “ನೀನು ಹೇಳಪ್ಪ ಈಗ. ಕರೆ ಇದೆಯಾ?”

ನಾನು ತಾರಸಿಯಿಂದಲೇ ಶುರುಮಾಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ವಾರ್ಡಿನ ಸಿಸ್ಟರ್ ಬಂದರು. ಏದುಸಿರು. ಮಂಡಳಿಯನ್ನು ಅವರು ನೋಡಲೇ ಇಲ್ಲ. “ಕಿಟಕಿಯಜ್ಜಿ ಕರೀತಿದ್ದಾರೆ,” ಎಂದರು ನನಗೆ.

ಎದ್ದೆ, ಹೋದೆ. ಪಡಸಾಲೆಯ ಅರ್ಧಕ್ಕೆ ಬಂದ ಮೇಲೆ, ಅಪ್ಪಣೆ ಕೇಳಲಿಲ್ಲವಲ್ಲ ಎಂದು ನೆನಪಾಯಿತು. ತಿರುಗಿ ಹೋಗಲು ಕಾಲು ಬರಲಿಲ್ಲ. ಆ ಪಡಸಾಲೆ ಮೊದಲ ಬಾರಿಗೆ ಸುತ್ತದೆ ಬಳಸದೆ ನೇರ ಹೊರಗೆ ತಂದು ಬಿಟ್ಟಿತು.

“ಕರೆದ್ರಾ ಅಜ್ಜಿ?” ಎಂದೆ.

“ಹೂಂ ಕಣಪ್ಪ. ಇವತ್ತು ಕರೆದೆ.” ಕೈ ಚಾಚಿದರು. ಎತ್ತಿ ಕೂರಿಸಿ ಒರಗಿಸಿಕೊಂಡೆ. ಎಡಹೆಗಲಿಗೆ ತಲೆಯಿಟ್ಟು ಮಗಳ ಹೆಸರು ಹೇಳಿ ಅತ್ತರು. ಗೋಡೆಯ ಕಡೆ ತಿರುಗಿ ಅಷ್ಟು ದಿನ ಒಳಗೇ ಇಟ್ಟುಕೊಂಡದ್ದೆಲ್ಲ ಬಂತು. ನಾನು ಅವರ ಬೆನ್ನಿಗೆ ಕೈಯಿಟ್ಟೆ. ಹೊರಗೆ ಸಂಜೆಯಾಗುತ್ತಿತ್ತು, ಪರದೆಗಳು ಉಬ್ಬುತ್ತಿದ್ದವು, ದೂರದಲ್ಲಿ ರೈಲೊಂದು ಹೋಯಿತು.

“ಹೋಗೋದು ಮಾತ್ರ,” ಎಂದರು, ಯಾರೋ ಕೇಳಿದ್ದಕ್ಕೆ ಉತ್ತರವೆಂಬಂತೆ. ಆಮೇಲೆ ನನ್ನನ್ನು ನೋಡಿ, “ನೀನು ಹೋಗಿ ಬರೋನು. ನೆನಪಿರಲಿ,” ಎಂದರು. ನನ್ನ ಅಂಗೈ ಮುಟ್ಟಿದರು. ಆ ಕೈ ಅಲ್ಲೇ ತಣ್ಣಗಾಯಿತು. ನಾನು ಅದನ್ನು ಬಿಡಿಸಿಕೊಳ್ಳದೆ ಬಹಳ ಹೊತ್ತು ಕೂತಿದ್ದೆ.

ತಿರುಗಿ ಬಂದಾಗ ಮಂಡಳಿ ಮುಗಿದಿತ್ತು. ಪ್ರಾಂಶುಪಾಲರು ಒಬ್ಬರೇ ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ಮುಖ ನೋಡಲಿಲ್ಲ, ಹೆಗಲು ನೋಡಿದರು.

“ಕರೆದ್ರಂತೆ?”

“ಹೂಂ ಸರ್.”

“ಹೋದ್ಯಲ್ಲ.”

“ಹೂಂ.”

“ನಾಳೆಯಿಂದ ತರಗತಿಗೆ ಬಾ,” ಎಂದು ಎದ್ದು ಹೋದರು.

ನಿನ್ನ ಕಾಗದವನ್ನು ಜೇಬಿನಿಂದ ತೆಗೆಯಲೇ ಇಲ್ಲ, ದೊಡ್ಡಮ್ಮ. ಅದು ಅವರಿಗೆ ತೋರಿಸುವುದಲ್ಲ. ನಿನ್ನನ್ನು ಯಾರೂ ಕರೆಯಲಿಲ್ಲ ಎಂದು ಬರೆದಿದ್ದೀಯ. ನನ್ನ ಅಮ್ಮ ತೀರಿಕೊಂಡ ದಿನ ನಾನು ಅಳುವುದು ಕೇಳಿ ಓಡಿ ಬಂದದ್ದು ಯಾರು?

ಅಭ್ಯಾಸಕ್ಕೆಂದು ಒಂದು ಬಿಳಿ ನಿಲುವಂಗಿ ಕೊಟ್ಟಿದ್ದಾರೆ. ಉದ್ದ ಜಾಸ್ತಿ, ತುಳಿದು ಬೀಳುತ್ತೇನೆ. ಅಂದಿನ ಅಂಗಿಯ ಎಡಹೆಗಲ ಗುರುತು ಒಣಗಿದ ಮೇಲೂ ಉಳಿದಿದೆ. ಹೇಗೆ ತೆಗೆಯಲಿ?

ನಿನ್ನ ಗುಂಡಿ


ಡಿಸೆಂಬರ್ ೫

ಗುಂಡೀ,

ತೆಗೆಯಬೇಡ. ಅದನ್ನು ಹಾಗೇ ಮಡಿಸಿಡು.

ನೀನು ಕೇಳಿದ ಪ್ರಶ್ನೆಯನ್ನು ಓದಿ, ಈ ವಯಸ್ಸಿನಲ್ಲಿ ತಾರಸಿ ಹತ್ತಿ ಹಾಸುಗಳ ಮರೆಯಲ್ಲಿ ನಿಂತು ಬಂದೆ. ಅತ್ತೆನೋ ಇಲ್ಲವೋ ನಿನಗೆ ಬೇಡದ ವಿಷಯ. ಹಾಸುಗಳನ್ನು ಮತ್ತೊಮ್ಮೆ ಒಗೆಯಬೇಕಾಯಿತು, ಅಷ್ಟು ತಿಳಿದುಕೋ.

ಬೋರ್ಡು ಹಾಗೇ ಇದೆ. ಪೇಂಟರು ಮೊನ್ನೆ ದಾರಿಯಲ್ಲಿ ಸಿಕ್ಕಿ, “ಬಂದು ಪೂರ್ತಿ ಮಾಡ್ಲಾ ಅಮ್ಮಾ?” ಅಂದ. ಬೇಡಪ್ಪಾ, ಜನಕ್ಕೆ ಅಭ್ಯಾಸವಾಗಿದೆ ಅಂದೆ. “ಎಲ್ಲಿ ಕೊಟ್ರಿ ಬಟ್ಟೆ?” ಅಂದರೆ “ಮತ್ತುಗೆ ಕೊಟ್ವಿ” ಅನ್ನುತ್ತಾರೆ. ನಡೆಯುತ್ತಿದೆ. ಮುಂದಿನ ಜಾಗ ಖಾಲಿ ಇರಲಿ, ರಜಕ್ಕೆ ಬಂದಾಗ ಅದರ ಕೆಳಗೆ ನಿಂತುಕೋ.

ಇಸ್ತ್ರಿ ಅಣ್ಣನಿಗೆ ನಿನ್ನ ನಿಲುವಂಗಿಯ ವಿಷಯ ಹೇಳಿದೆ. ಅವನಿಗೆ ನಗುವುದೋ ಅಳುವುದೋ ತಿಳಿಯದೆ ಇನ್ನೊಂದು ಅಂಗಿ ಸುಟ್ಟ.

ಆ ನಿಲುವಂಗಿಯನ್ನು ಅಲ್ಲಿ ಯಾರ ಕೈಗೂ ಕೊಡಬೇಡ. ಅಲ್ಲಿ ಹೇಗೆ ಒಗೆಯುತ್ತಾರೋ ಯಾರಿಗೆ ಗೊತ್ತು. ಒಗೆಯಲು ಇಲ್ಲಿಗೇ ಕಳಿಸು, ಈ ವರ್ಷವೂ, ಮುಂದೆ ನೀನು ಎಲ್ಲಿ ಯಾವ ಸಭೆಗೆ ಹೋದರೂ. ಅಂಚು ಮಡಿಸಿ ಹೊಲಿದು ಕೊಡುತ್ತೇನೆ. ಬಂದ ಕೂಡಲೇ ಬೆಳಕಿಗೆ ಹಿಡಿದು ಎಡಹೆಗಲು ನೋಡುತ್ತೇನೆ.

ಕರೆಯಿಲ್ಲದೆ ಬಂತೋ, ಒಗೆಯದೆ ವಾಪಸು ಕಳಿಸುತ್ತೇನೆ.

ದೊಡ್ಡಮ್ಮ